ಬೀಗರ ಮೊಣಕೈ

ನಮ್ಮ ಮಾವನವರ ತಲೆ ಕೆಟ್ಟಿತ್ತು ಎಂದು ಗಡಹಿಂಗ್ಲಜದಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅವರ ತಲೆ ಕೊನೆಯವರೆಗೂ ಗಟ್ಟಿಯಾಗಿಯೇ ಇತ್ತು. ಕೆಟ್ಟಿದ್ದು ಮೊಣಕೈ! ಅದೂ ಬಲಗೈಯದು ಮಾತ್ರ. ಆದರೆ ಈ ಸಂಗತಿ ಅವರಿಗೆ ಗೊತ್ತಾಗಲು ಐದಾರು ವರ್ಷ ಹಿಡಿಯಿತು. ಯಾಕೆಂದರೆ ಅದು ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ತುಟಿ ಹೊಲಿದುಕೊಂಡು ಕೂತಿದ್ದ. ಆ ಮನುಷ್ಯ ಯಾರು ಅಂತೀರಾ? ನನ್ನನ್ನು ಹಡೆದ ಅಪ್ಪ!

ನಾನು ಇಚಲಕರಂಜಿಯ ಹುಡುಗಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಗಡಹಿಂಗ್ಲಜದ ಈ ಮನೆಗೆ ಸೊಸೆಯಾಗಿ ಬಂದೆ. ಅಪ್ಪನದು ನಾಲ್ಕು ಪಾವರ್‌ಲೂಮಿನ ಸಣ್ಣ ಕಾರಖಾನೆ. ಮಾವನವರದು ಊರ ಹೊರಗೆ ಕಬ್ಬಿನ ಹೊಲ, ಅಲ್ಲೇ ಬೆಲ್ಲದ ಗಾಣ. ಮನುಷ್ಯ ಗಂಭೀರ. ಬಿಳಿ ಧೋತರ, ದೊಡ್ಡ ರುಮಾಲು, ನಡೆದರೆ ನೆಲಕ್ಕೇ ಭಯ. ಈ ಗಾಂಭೀರ್ಯ ನಾನು ಬಂದ ಮೇಲೆ ಒಂದೇ ವರ್ಷ ಬಾಳಿತು. ಮುಂಬಯಿ ಬಂದರಿನಲ್ಲಿ ನೌಕರಿಗಿದ್ದ ಅವರ ಅಕ್ಕನ ಮಗ ಸೂಟಿಗೆಂದು ಊರಿಗೆ ಬಂದವನು ಯಾವನೋ ಪರದೇಶದ ಹಡಗಿನ ಖಲಾಸಿ ಕೊಟ್ಟ ಎರಡು ಪ್ಲಾಸ್ಟಿಕ್ ತಾಟುಗಳನ್ನು ತಂದಿದ್ದ. ಒಂದು ಕೆಂಪು, ಒಂದು ಹಳದಿ.

ಕೆಂಪು ತಾಟನ್ನು ನಮ್ಮ ಅತ್ತೆ ನೋಡಿದ ಕ್ಷಣಕ್ಕೇ ಒಯ್ದು ಮಜ್ಜಿಗೆಯ ಗಡಿಗೆಯ ಮೇಲೆ ಮುಚ್ಚಿಬಿಟ್ಟರು. ಎಷ್ಟು ಚಂದ ಕೂತಿತ್ತು ಅಂತೀರಿ!

"ಮಾಮಿ, ಅದು ಮುಚ್ಚಳ ಅಲ್ರಿ, ಆಟದ ಸಾಮಾನು," ಎಂದ ಹುಡುಗ. "ಅಮೆರಿಕಾದಾಗ ಇದನ್ನ ಗಿಡದಿಂದ ಗಿಡಕ್ಕ ಒಗ್ಕೊಂತ ಹೋಗತಾರ. ಕಡೀಕ ಬುಟ್ಟ್ಯಾಗ ಬೀಳಬೇಕು. ಕಡಿಮಿ ಸಲ ಒಗದು ಯಾರು ಮುಗಸ್ತಾರ, ಅವರು ಗೆದ್ದಂಗ. ಡಿಸ್ಕ್ ಗಾಲ್ಫ್ ಅಂತಾರ ಇದಕ್ಕ."

ಮಾವನವರು ಹುಬ್ಬು ಏರಿಸಿದರು. "ಓಡಬೇಕೇನು?"

"ಇಲ್ಲ ಮಾಮಾ."

"ಮಂದಿ ಜೋಡಿ ಬಡದಾಡಬೇಕೇನು?"

"ಏನೂ ಇಲ್ಲ."

"ಅಂದ್ರ ಇದು ನಂದ ಆಟ!" ಎಂದವರೇ ಎದ್ದು ಗಡಿಗೆಯ ಮೇಲಿನ ಮುಚ್ಚಳವನ್ನು ಕಿತ್ತುಕೊಂಡರು. ಅವತ್ತಿನಿಂದ ನಮ್ಮ ಮಜ್ಜಿಗೆಗೆ ಮುಚ್ಚಳವೂ ಇಲ್ಲ, ಮನೆಗೆ ನೆಮ್ಮದಿಯೂ ಇಲ್ಲ.

ವಾರದೊಳಗೆ ಮೇದಾರರಿಂದ ಬಿದಿರಿನ ಬುಟ್ಟಿಗಳು ಬಂದವು. ಒಂದು ಮಾವಿನ ಗಿಡಕ್ಕೆ, ಒಂದು ಹುಣಸೆಗೆ, ಒಂದು ಜಾಲಿಗೆ, ಹೀಗೆ ಹೊಲದ ಸುತ್ತ ಜೋತಾಡತೊಡಗಿದವು. ಕೊನೆಯದು ಬಾವಿಯ ಆಚೆ, ಪಂಪಿನ ಖೋಲಿಯ ಮುಂದಿನ ಕಂಬಕ್ಕೆ. ಅಲ್ಲಿಗೆ ಎಸೆಯಬೇಕಾದರೆ ತಾಟು ಬಾವಿ ದಾಟಬೇಕು. ದಾಟುತ್ತಿತ್ತೆ? ಎಲ್ಲಿಯ ಮಾತು! ಮಾವನವರ ಕೈಬಿಟ್ಟ ತಾಟು ನಾಲ್ಕು ಮಾರು ನೆಟ್ಟಗೆ ಹೋಗಿ, ಏನೋ ಮರೆತವರ ಹಾಗೆ ಎಡಕ್ಕೆ ಹೊರಳುತ್ತಿತ್ತು. ಬಲಕ್ಕೆ ನಿಂತು ಎಸೆದರೂ ಎಡಕ್ಕೆ. ಕಣ್ಣು ಮುಚ್ಚಿ ಎಸೆದರೂ ಎಡಕ್ಕೆ. ಆಳುಮಕ್ಕಳು ಮಾವನವರ ಎಡಗಡೆ ನಿಲ್ಲುವುದನ್ನೇ ಬಿಟ್ಟರು.

ಒಮ್ಮೆ ಅದು ಗಾಣದತ್ತ ಹೊರಳಿ, ಆಗತಾನೇ ಅಚ್ಚಿಗೆ ಸುರಿದಿದ್ದ ಮೆತ್ತನೆಯ ಬೆಲ್ಲದ ಮೇಲೆ ದಪ್ಪೆಂದು ಕೂತಿತು. ತೆಗೆದರೆ ಬೆಲ್ಲದ ಮೇಲೆ ಗುಂಡಗೆ ಉಂಗುರದ ಗುರುತು. ಆ ಬೆಲ್ಲ ಕೊಲ್ಹಾಪುರದ ಪೇಟೆಗೆ ಹೋದಾಗ ಅಡತಿ ಅಂಗಡಿಯವನು ತಿರುಗಿಸಿ ಮುರುಗಿಸಿ ನೋಡಿ, "ಹಾ ಕಸಲಾ ಛಾಪ್ ಹೋ?" ಎಂದು ಕೇಳಿದನಂತೆ. ಇದು ಯಾವ ಮುದ್ರೆ ಅಂತ! ಮಾವನವರು ರೆಪ್ಪೆ ಮಿಟುಕಿಸದೆ, "ತಾಟ್ ಛಾಪ್," ಎಂದರಂತೆ. ಮುಂದಿನ ವಾರ ಅವನೇ "ತಾಟ್ ಛಾಪ್ ಆಲಾ ಕಾ?", ಬಂತೇನು ಎಂದು ಕೇಳಿ ತರಿಸಿಕೊಂಡ!

ಆದರೆ ಮಾವನವರಿಗೆ ಬೆಲ್ಲದ ಹೆಸರು ಬೇಕಾಗಿರಲಿಲ್ಲ, ಬಾವಿ ದಾಟುವುದು ಬೇಕಾಗಿತ್ತು. ದೋಷ ಎಲ್ಲಿದೆ ಎಂದು ಹುಡುಕಲು ಹೊರಟರು. ಮೊದಲ ಸಂಶಯ ಕಣ್ಣಿನ ಮೇಲೆ. ಕೊಲ್ಹಾಪುರಕ್ಕೆ ಹೋಗಿ ಚಾಳೀಸು ಮಾಡಿಸಿಕೊಂಡು ಬಂದರು. ಫಲ ಏನು? ಮೊದಲು ತಾಟು ಎಡಕ್ಕೆ ಹೋಗುವುದು ಮಸುಕು ಮಸುಕಾಗಿ ಕಾಣುತ್ತಿತ್ತು, ಈಗ ಸ್ವಚ್ಛವಾಗಿ ಕಂಡಿತು! ಎರಡನೆಯ ಸಂಶಯ ರುಮಾಲಿನ ಮೇಲೆ. ಅದರ ಭಾರ ಒಂದು ಕಡೆಗೆ ವಾಲಿದೆ ಎಂದು ತಿರುವಿ ಕಟ್ಟಿಕೊಂಡರು. ಬೀದಿಯಲ್ಲಿ ಹೋದರೆ ಮಂದಿ ಕತ್ತು ವಾರೆ ಮಾಡಿ ನೋಡಬೇಕು. ಮೂರನೆಯ ಸಂಶಯ ಹೊಟ್ಟೆಯ ಮೇಲೆ. ಮಧ್ಯಾಹ್ನದ ರೊಟ್ಟಿಯನ್ನು ಅರ್ಧಕ್ಕಿಳಿಸಿದರು. ಅವತ್ತು ಕೈಗೆ ಬಲವೇ ಇಲ್ಲದೆ ತಾಟು ಅವರ ಕಾಲಬುಡದಲ್ಲೇ ಬಿತ್ತು.

"ಈಗ ಎಡಕ್ಕ ಹೋಗಲಿಲ್ಲ ನೋಡ್ರಿ!" ಎಂದರು ಅತ್ತೆ. "ಸುಧಾರಿಸ್ಯಾರ!"

ಕೊನೆಗೆ ಕೊಲ್ಹಾಪುರದ ಒಂದು ತಾಲೀಮಿನ ಗರಡಿಗೆ ಹೋಗಿ ಕುಸ್ತಿ ಕಲಿಸುವ ವಸ್ತಾದರ ಕಾಲಿಗೆ ಬಿದ್ದರು. ಆ ಮುದುಕ ತಾಟನ್ನು ಮೂಸಿ ನೋಡಿ, ಮಾವನವರ ತೋಳು ಹಿಚುಕಿ ನೋಡಿ, "ತಾಕತ್ ಆಹೇ. ಪಣ ಜೋಡ್ ಕೋಣ?" ಎಂದು ಕೇಳಿದರಂತೆ. ಬಲವೇನೋ ಇದೆ, ನಿನಗೆ ಜೋಡಿ ಯಾರು? ಒಬ್ಬನೇ ತೊಡೆ ತಟ್ಟಿದರೆ ಕುಸ್ತಿಯಾಗುತ್ತದೆಯೆ?

ಎಸ್‌ಟಿ ಬಸ್ಸಿನಲ್ಲಿ ವಾಪಸು ಬರುವಾಗ ಮಾವನವರು ಜೋಡಿಯನ್ನು ಆರಿಸಿಯೇಬಿಟ್ಟರು. ಬೀಗರು. ಅಂದರೆ ನನ್ನ ಅಪ್ಪ.

ಇಲ್ಲಿ ನನ್ನ ಅಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ತನ್ನ ಕಾರಖಾನೆಯಲ್ಲಿ ಲೂಮಿನ ಸದ್ದಿಗಿಂತ ಮೇಲೆ ದನಿ ಎತ್ತುವ ಮನುಷ್ಯ ಅದು. ಮಗಳ ಮನೆಯ ಹೊಸ್ತಿಲು ದಾಟಿದರೆ ಮಾತ್ರ ಬಾಯಲ್ಲಿ ಒಂದೇ ಶಬ್ದ: "ಹೌದ್ರಿ." ಹೆಣ್ಣು ಕೊಟ್ಟವನು ತಗ್ಗಿರಬೇಕು ಎಂಬುದು ಅವನಿಗೆ ಅವನಪ್ಪ ಕಲಿಸಿದ್ದು. ಮದುವೆಯಲ್ಲಿ ನನ್ನನ್ನು ಒಪ್ಪಿಸಿಕೊಡುವಾಗ ಮಾವನವರೆದುರು ಕೈ ಜೋಡಿಸಿ, "ಬೀಗರ, ನಮ್ಮ ಹುಡುಗಿಗಿ ಏನೂ ತಿಳ್ಯೂದಿಲ್ರಿ, ತಪ್ಪಿದ್ರ ಸಂಭಾಳಿಸ್ಕೋರಿ," ಎಂದಿದ್ದ. ಜೋಡಿಸಿದ ಆ ಕೈಯನ್ನು ಆಮೇಲೆ ಬಿಡಿಸಲೇ ಇಲ್ಲ ಅನ್ನಿ. ನಮ್ಮ ಮನೆಗೆ ಬಂದರೆ ಕುರ್ಚಿಯ ತುದಿಯಲ್ಲಿ ಕೂಡುವುದು. ಊಟಕ್ಕೆ ಕೂತರೆ ಒಂದು ರೊಟ್ಟಿ ಮುರಿಯುವಷ್ಟರಲ್ಲೇ, "ಹೊಟ್ಟಿ ತುಂಬೇತ್ರಿ." ಬಡಿಸಲು ನಿಂತ ನನಗೆ ಮಾತ್ರ ಗೊತ್ತು, ಅಮ್ಮನ ಕೈಯಲ್ಲಿ ಎಷ್ಟು ರೊಟ್ಟಿ ತಿನ್ನುವ ಅಪ್ಪ ಅದು ಎಂದು. ತವರಿನವರು ಬಂದರೆ ಹೆಣ್ಣುಮಕ್ಕಳಿಗೆ ಹಿಗ್ಗು ಅಂತಾರೆ. ನನಗೆ ಹಿಗ್ಗಿನ ಜೊತೆಗೆ ಒಂದು ಸಂಕಟ.

ಇಂಥ ಅಪ್ಪನ ಕೈಗೆ ಕೆಂಪು ತಾಟು ಬಂತು.

ಆಟ ಅಂದರೆ ಏನಾಟ! ಪ್ರತಿ ಸಲವೂ ಮಾವನವರೇ ಗೆಲ್ಲುವುದು. ಅದೂ ಬರೇ ಒಂದೇ ಎಸೆತದಿಂದ. ಅವರ ತಾಟು ಬಾವಿಗೆ ಬಿದ್ದರೆ, ಅಪ್ಪನದು ತಡಮಾಡದೆ ಹಿಂದೆಯೇ ಹೋಗಿ ಬೀಳುತ್ತಿತ್ತು. ಎರಡನ್ನೂ ಜಾಳಿಗೆಯಿಂದ ಎತ್ತುವುದೇ ಆಳಿಗೆ ಒಂದು ಕೆಲಸ.

"ಹೆಂಗೈತ್ರಿ ಬೀಗರ ನನ್ನ ಕೈ?"

"ಭಾಳ ಚಲೋ ಐತ್ರಿ."

"ತುಸು ಎಡಕ್ಕ ಹೋಗತೈತೇನು?"

"ಹೌದ್ರಿ."

"ಗಾಳಿಗಿ ಹೋಗತಿರಬೇಕು."

"ಹೌದ್ರಿ, ಗಾಳಿರಿ."

"ಇವತ್ತ ಗಾಳಿ ಎಲ್ಲೈತ್ರಿ?"

"ಹೌದ್ರಿ, ಗಾಳಿನ ಇಲ್ರಿ!"

ಹೀಗೆ ವರ್ಷಗಟ್ಟಲೆ ಗೆದ್ದ ಮಾವನವರು ಊರ ತುಂಬ ಹೇಳಿಕೊಂಡು ತಿರುಗಿದರು. ನಮ್ಮದು ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಎಷ್ಟೋ ಸಂಜೆ ಅತ್ತೆ ಬದುವಿನ ಮೇಲೆ ನಿಂತು, "ಹೊತ್ತ ಮುಳಗಾಕತ್ತೇತ್ರಿ! ಊಟ ಬೇಕೋ ತಾಟ ಬೇಕೋ?" ಎಂದು ಕೂಗುತ್ತಿದ್ದರು. "ಒಗಿಯೂ ತಾಟು!" ಎಂದು ಉತ್ತರ ಬರುತ್ತಿತ್ತು. ಉಣ್ಣುವ ತಾಟು ಹಾಗೇ ಬೋರಲು ಬಿದ್ದಿರುತ್ತಿತ್ತು.

ಒಂದು ಸಲ ಅಪ್ಪ ಬಂದಿದ್ದಾಗಲೇ ಮಾವನವರು ಎಮ್ಮೆ ನೋಡಲು ನೇಸರಿ ಎಂಬ ಊರಿಗೆ ಹೊರಟರು. ಸಂಜೆ ಬಂದು ಆಡೋಣ ಎಂದಿದ್ದರು. ಆದರೆ ಎಮ್ಮೆ ಆಗಲೇ ಮಾರಿಹೋಗಿತ್ತಂತೆ, ಮಧ್ಯಾಹ್ನದ ಬಸ್ಸಿಗೇ ಮರಳಿದರು. ಅಪ್ಪನಿಗೆ ಚಹಾ ಒಯ್ಯುತ್ತಿದ್ದ ನಾನು ನೋಡುತ್ತೇನೆ, ಮಾವನವರು ಕಬ್ಬಿನ ಮರೆಯಲ್ಲಿ ಕಂಬದ ಹಾಗೆ ನಿಂತಿದ್ದಾರೆ. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

ಆಚೆ ಅಪ್ಪ ಒಬ್ಬನೇ ಆಡುತ್ತಿದ್ದ. ಮಾವಿನ ಬುಟ್ಟಿಗೆ ಒಂದೇ ಎಸೆತ. ಹುಣಸೆಗೆ ಒಂದೇ ಎಸೆತ. ಬಾವಿಯ ಈಚೆ ನಿಂತು ಕೈ ಬೀಸಿದರೆ ಕೆಂಪು ತಾಟು ನೀರಿನ ಮೇಲೆ ನೆಟ್ಟಗೆ ತೇಲಿ ಹೋಗಿ ಬುಟ್ಟಿಯಲ್ಲಿ ಕೂತಿತು, ಗೂಡಿಗೆ ಬಂದ ಹಕ್ಕಿಯಂತೆ. ಅಪ್ಪ ನಗುತ್ತಿದ್ದ. ಆ ಹೊಲದಲ್ಲಿ ಅವನು ನಕ್ಕಿದ್ದನ್ನು ನಾನು ಕಂಡದ್ದೇ ಅದು ಮೊದಲು.

ಮಾವನವರು ಮರೆಯಿಂದ ಹೊರಗೆ ಬಂದರು. ಅಪ್ಪನ ನಗು ಅಲ್ಲೇ ಆರಿತು.

"ಇಷ್ಟ ವರ್ಸ ಬೇಕಂತ ಸೋತ್ರೇನ್ರಿ?"

"ಹೌದ್ರಿ."

"ನನ್ನ ಸಣ್ಣ ಹುಡುಗನ್ನ ಆಡಿಸಿದಂಗ ಆಡಿಸಿದ್ರೇನ್ರಿ?"

ಅಪ್ಪ ತಲೆ ತಗ್ಗಿಸಿದ. "ಹೆಣ್ಣ ಕೊಟ್ಟಾಂವರಿ ನಾ. ಗೆದ್ದು ಹೆಂಗ ನಿಮ್ಮ ಮಾರಿ ನೋಡ್ಲಿ?"

ಮಾವನವರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ನೋಡಿರಲಿಲ್ಲ. ಊರಿಗೆಲ್ಲ ಸಾರಿದ ಗೆಲುವುಗಳೆಲ್ಲ ಸುಳ್ಳಾಗಿ ಕೂತಿದ್ದವು. ಇವರು ಈಗ ಒಂದು ಕೆಟ್ಟ ಮಾತಾಡಿದರೆ ಅಪ್ಪ ಚೀಲ ಎತ್ತಿಕೊಂಡು ಬಸ್ಸು ಹತ್ತುತ್ತಾನೆ, ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಸದ್ದು ಕೇಳಿ ಗಾಣದಿಂದ ನನ್ನ ಯಜಮಾನರು ಬಂದರು, ಮನೆಯಿಂದ ಅತ್ತೆ ಬಂದರು.

ಮಾವನವರು ರುಮಾಲು ತೆಗೆದು ತಲೆ ಕೆರೆದುಕೊಂಡರು. ಮತ್ತೆ ಇಟ್ಟುಕೊಂಡರು. ಆಮೇಲೆ ನನ್ನತ್ತ ತಿರುಗಿ, "ಬಾ ಯವ್ವಾ ಇಲ್ಲೆ. ನನ್ನ ಮಗ್ಗಲಕ ನಿಂದ್ರು," ಎಂದರು. ನಿಂತೆ.

"ನೋಡ್ರಿ ಬೀಗರ. ಇಕಿ ಇವತ್ತಿನಿಂದ ನನ್ನ ಮಗಳು. ಹೆಣ್ಣಿನ ಕಡೆಯಾಂವ ನಾ. ಗಂಡಿನ ಕಡೆಯವರು ನೀವು. ಈಗರೆ ಖರೆ ಆಟ ಆಡ್ರಿ!"

"ಮತ್ತ ನಾ ಯಾರು?" ಎಂದರು ನನ್ನ ಯಜಮಾನರು.

"ನೀ ಮನಿ ಅಳ್ಯಾ. ಸುಮ್ನ ನಿಂದ್ರು!"

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಪ್ಪನಿಗೆ ಮಾತ್ರ ನಗು ಬರಲಿಲ್ಲ. ನನ್ನ ಮುಖ ನೋಡಿದ. ಆಡಪ್ಪಾ ಎಂದು ನಾನು ಕಣ್ಣಿನಲ್ಲೇ ಬೇಡಿಕೊಂಡೆ.

ಆಡಿದ. ಏನು ಆಡಿದ ಅಂತೀರಿ! ಮಾವನವರು ಧೋತರ ಎತ್ತಿ ಕಟ್ಟಿ, ಬೆವರು ಸುರಿಸಿ, ದೇವರನ್ನು ನೆನೆದು ಎಸೆದರು. ಅಪ್ಪ ಸುಮ್ಮನೆ ಎಸೆದ. ಮುಗಿಯುವ ಹೊತ್ತಿಗೆ ಮಾವನವರು ಸೋತದ್ದು ಒಂದು ಎಸೆತದಿಂದಲ್ಲ, ಎಣಿಸುವುದನ್ನು ನಾವೇ ಬಿಟ್ಟಿದ್ದೆವು. ಹಳದಿ ತಾಟು ಕೊನೆಯ ಸಲ ಬಾವಿಗೆ ಬಿದ್ದಾಗ ಅಪ್ಪನ ಮುಖ ಸುಣ್ಣದಂತೆ ಬಿಳುಪೇರಿತ್ತು. ಗೆದ್ದವನ ಮುಖ ಹಾಗಿರುತ್ತದೆಯೆ?

ಮಾವನವರು ಅವನೆದುರು ಬಂದು ಎರಡೂ ಕೈ ಜೋಡಿಸಿದರು. "ಬೀಗರ," ಎಂದರು, "ನಮ್ಮ ಹುಡುಗಿಗಿ ಏನೂ ತಿಳ್ಯೂದಿಲ್ರಿ, ತಪ್ಪಿದ್ರ ಸಂಭಾಳಿಸ್ಕೋರಿ."

ಚೇಷ್ಟೆಗೆಂದು ಶುರು ಮಾಡಿದ ಮಾತು ಕೊನೆಯಾಗುವಷ್ಟರಲ್ಲಿ ಅವರ ದನಿ ಒಡೆಯಿತು. ಬೀಗರು ಮದುವೆಯಲ್ಲಿ ಆಡಿದ ಮಾತನ್ನು ಈ ಮನುಷ್ಯ ಇಷ್ಟು ವರ್ಷ ನೆನಪಿನಲ್ಲಿಟ್ಟುಕೊಂಡಿದ್ದರು! ಅಪ್ಪ ಅವರ ಕೈ ಹಿಡಿದುಕೊಂಡ. ಇಬ್ಬರೂ ಬಾವಿಯೊಳಗೆ ಇಣುಕಿ, ಹಳದಿ ತಾಟನ್ನು ಜಾಳಿಗೆಯಿಂದ ಎತ್ತಿದರು.

"ಈಗ ಹೇಳ್ರಿ, ನನ್ನ ಕೈಯಾಗ ಏನ ದೋಷ ಐತಿ?"

"ಕೈಯಾಗ ಇಲ್ರಿ," ಎಂದ ಅಪ್ಪ. ಎಷ್ಟೋ ವರ್ಷದಿಂದ ಅಣೆಕಟ್ಟಿನಲ್ಲಿ ನಿಂತ ನೀರು ನುಗ್ಗಿತು ನೋಡಿ! "ಮೊಣಕೈಯಾಗ ಐತಿ. ಪಕ್ಕೆಲಬಿಗಿ ಅಂಟಿಸಿ ಒಗೀತೀರಿ, ತಾಟು ಲಗೂನ ಕೈ ಬಿಟ್ಟು ಎಡಕ್ಕ ಹೋಗತೈತಿ. ಮೊದಲನೇ ದಿನಾನ ಹೇಳೂದಿತ್ತು ನನಗ. ಕಣ್ಣಿಲೆ ನೋಡಾಕ ಆಗತಿದ್ದಿಲ್ರಿ! ಹಾಂ, ಬಿಡಸ್ರಿ. ಹಂಗಲ್ಲ. ಅಯ್ಯ, ಹಂಗಲ್ರಿ ಬೀಗರ!"

ಹೊತ್ತು ಇಳಿಯುತ್ತಿತ್ತು. ಅತ್ತೆ ಕೂಗಿದರು, ನಾನು ಕೂಗಿದೆ. ಯಾರು ಕೇಳುತ್ತಾರೆ? ಅಪ್ಪ ಬೀಗರ ಮೊಣಕೈ ಹಿಡಿದು ಎಳೆದು, ಗದರಿಸಿ, ಮತ್ತೆ ಮತ್ತೆ ಎಸೆಯಿಸಿದ. ಸೂರ್ಯ ಕಬ್ಬಿನ ಗರಿಗಳ ಹಿಂದೆ ಮುಳುಗುವಾಗ ಹಳದಿ ತಾಟು ಬಾವಿಯನ್ನು ನೆಟ್ಟಗೆ ದಾಟಿತು. ಬುಟ್ಟಿಯನ್ನೂ ದಾಟಿ, ಪಂಪಿನ ಖೋಲಿಯನ್ನೂ ದಾಟಿ ಪಕ್ಕದವರ ಕಬ್ಬಿನೊಳಗೆ ಹೋಯಿತು. ಆದರೆ ನೆಟ್ಟಗೆ!

ಹುಡುಕಿ ತಂದು ಮನೆ ಸೇರುವಷ್ಟರಲ್ಲಿ ಕತ್ತಲಾಗಿತ್ತು. ಇಬ್ಬರಿಗೂ ಊಟವಿಲ್ಲ. ಕಟ್ಟೆಯ ಮೇಲೆ ಅಕ್ಕಪಕ್ಕ ಒರಗಿ ಕೂತವರನ್ನು ನೋಡಿ ಅತ್ತೆ, "ಬೀಗರ, ನಿಮ್ಮನ್ನೂ ಉಪವಾಸ ಕೆಡವಿದ್ರಲ್ರಿ ಇವರು. ಹಸಿವಿ ಆಗಿಲ್ಲೇನ್ರಿ?" ಎಂದರು.

"ಆಗೇತ್ರಿ!" ಎಂದ ನನ್ನ ಅಪ್ಪ. "ಭಾಳ ಹಸಿವಿ ಆಗೇತಿ!"

ಉಣಿಸಬಹುದಾದ ಹೊತ್ತಿನಲ್ಲೆಲ್ಲ ಹೊಟ್ಟೆ ತುಂಬಿದೆ ಎಂದವನು, ಏನೂ ಬಡಿಸಲಾಗದ ಹೊತ್ತಿನಲ್ಲಿ ಹಸಿವು ಎಂದ!

ಮರುದಿನ ಪೂರ್ವದಿಕ್ಕು ಬಿಳುಪಾಗುವುದಕ್ಕೇ ನಾನು ಒಲೆ ಹಚ್ಚಿ ರೊಟ್ಟಿ ಬಡಿಯಲು ಕೂತೆ. ಹೊತ್ತು ಮೂಡಿತು. ಅಪ್ಪ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಪೂರ್ತಿ ಕೂತ. ಒಂದು ರೊಟ್ಟಿ ಮುಗಿಸಿದ, ಇನ್ನೊಂದು ಮುಗಿಸಿದ. ಆಮೇಲೆ ನನ್ನ ಕಡೆ ತಾಟು ಸರಿಸಿ, "ಇನ್ನೊಂದ ಹಾಕವ್ವಾ," ಎಂದ.