ಪ್ರದಕ್ಷಿಣೆ ಹಾಕಿ ಕೊಂದ ಇಂಜಿನ್ನು

ಪುಸ್ತಕ ನೋಡಿ ಈಜು ಕಲಿತೋನು ಕೆರೆಗೆ ಬಿದ್ರೆ ಅವನೊಬ್ಬನೇ ಮುಳುಗ್ತಾನೆ. ಪುಸ್ತಕ ನೋಡಿ ಮೋಟಾರು ರಿಪೇರಿ ಕಲಿತೋನು ಹಾಗಲ್ಲ, ಮನೆಮಂದಿನೆಲ್ಲ ಕೈಹಿಡಿದು ಜೊತೇಲೇ ಕರ್ಕೊಂಡು ಮುಳುಗ್ತಾನೆ. ನಾನು ಎರಡನೇ ಜಾತಿಯೋನು. ಮೈಸೂರಿನ ಮಾರ್ಕೆಟ್ಟಿನ ಹಿಂದೆ ಒಂದು ರದ್ದಿ ಅಂಗಡೀಲಿ ಇಂಗ್ಲಿಷಿನ ಮೋಟಾರು ಪುಸ್ತಕ ಸಿಕ್ಕಿತ್ತು. ರಟ್ಟಿಲ್ಲ, ನಡುನಡುವೆ ಹಾಳೆಗಳೂ ಇಲ್ಲ. ಇದ್ದಷ್ಟನ್ನ ಬಾಯಿಪಾಠ ಮಾಡ್ಬುಟ್ಟೆ. ಆಮೇಲೆ ನನ್ನ ಕಾಟ ಹೇಗಿತ್ತು ಅಂದ್ರೆ, ಚಾಮರಾಜಪುರಂ ರಸ್ತೇಲಿ ಬಸ್ಸು ಹೋದ್ರೆ ಸದ್ದು ಕೇಳಿ "ಟ್ಯಾಪೆಟ್ ಸಡಿಲ" ಅಂತಿದ್ದೆ. ಚಿಕ್ಕಮ್ಮ ಕೆಮ್ಮಿದ್ರೆ "ಗಾಳಿ ಸಾಲ್ತಾ ಇಲ್ಲ, ಕಾರ್ಬುರೇಟರ್ ನೋಡ್ಬೇಕು" ಅಂದಿದ್ದೂ ಉಂಟು. "ಲೋ, ನಾನೇನು ಲಾರೀನೇನೋ?" ಅಂತ ಅವರು ಸೌಟು ತೋರಿಸಿದ್ರು.

ಲಾರಿ ಇಲ್ದಿದ್ರೂ ಮನೇಲಿ ಒಂದು ಪಿಕಪ್ ಇತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯೋರು ಹರಾಜು ಹಾಕಿದ್ದು. ನಮ್ಮ ಚಿಕ್ಕಪ್ಪ ಶಿವಣ್ಣ ಅದರಲ್ಲಿ ವಿದ್ಯಾರಣ್ಯಪುರಂ ಕಡೆ ತೋಟಗಳಿಂದ ವೀಳ್ಯದೆಲೆ ತುಂಬ್ಕೊಂಡು ನಂಜನಗೂಡಿನ ಅಂಗಡಿಗಳಿಗೆ ಹಾಕ್ತಿದ್ರು. ಎಲೆ ಬಾಡಿದ್ರೆ ಯಾರೂ ಮುಟ್ಟೋಲ್ಲ. ಆ ಗಾಡಿ ಓಡಿದ್ರೇನೇ ನಮ್ಮನೆ ಒಲೆ ಉರಿಯೋದು. ಅಂಥಾ ಗಾಡಿಯ ಹೆಡ್ಡು ಬಿಚ್ಚಿ ಮಸಿ ಕೆರೀತೀನಿ, ಹೊಸ ಗ್ಯಾಸ್ಕೆಟ್ಟು ಹಾಕ್ತೀನಿ, ಆಮೇಲೆ ನೋಡಿ ಅಂತ ಒಂದು ತಿಂಗಳು ಚಿಕ್ಕಪ್ಪನ ಬೆನ್ನುಬಿದ್ದಿದ್ದೆ. "ನಿನ್ ಕೈಲಾಗುತ್ತೆ ಅಂದ್ರೆ ಮಾಡು ಕಣೋ" ಅಂದ್ಬುಟ್ರು. ನನ್ನ ಮೇಲೆ ಅಷ್ಟು ನಂಬಿಕೆ ಅಲ್ಲೀವರ್ಗೂ ಯಾರೂ ಇಟ್ಟಿರ್ಲಿಲ್ಲ. ನಮ್ಮ ಸ್ಕೂಲು ಮೇಷ್ಟ್ರಂತೂ ನನ್ನ ಕೈಗೆ ಸೀಮೆಸುಣ್ಣಾನೂ ಕೊಡ್ತಿರ್ಲಿಲ್ಲ.

ಗ್ಯಾಸ್ಕೆಟ್ಟು ಅಂದ್ರೆ ಇಂಜಿನ್ನಿನ ಹೊಟ್ಟೆಗೂ ತಲೆಗೂ ನಡುವೆ ಕೂರೋ ತಾಮ್ರದ ಹಾಳೆ. ಬೆಂಕಿ, ನೀರು, ಎಣ್ಣೆ ಒಬ್ಬರ ಮನೆಗೊಬ್ಬರು ನುಗ್ಗದ ಹಾಗೆ ಅದು ಕಾಯ್ಕೊಂಡಿರುತ್ತೆ. ಅದರ ಮೇಲೆ ಹೆಡ್ಡು ಕೂರಿಸಿ ನಟ್ಟು ಬಿಗೀಬೇಕು. "ಸರಿಯಾದ ಕ್ರಮದಲ್ಲಿ ಬಿಗಿಯಿರಿ, ಕ್ರಮಕ್ಕೆ ಮುಂದಿನ ಪುಟ ನೋಡಿ" ಅಂದಿತ್ತು ಪುಸ್ತಕ. ಆ ಮುಂದಿನ ಪುಟದಲ್ಲಿ ಯಾವನೋ ಪುಣ್ಯಾತ್ಮ ಕಡ್ಲೆಪುರಿ ಕಟ್ಟಿಬಿಟ್ಟಿರ್ಬೇಕು. ನಾನು ಕೂತು ಯೋಚನೆ ಮಾಡ್ದೆ. ಸರಿಯಾದ ಕ್ರಮ ಅಂದ್ರೆ ಇನ್ನೇನಿದ್ದೀತು? ನಮ್ಮನೇಲಿ ಆರತಿ ಎತ್ತೋದು ಬಲಕ್ಕೆ, ಗುಡಿ ಸುತ್ತೋದು ಬಲಕ್ಕೆ. ಅದನ್ನ ಮೀರಿದ ಕ್ರಮ ಇಂಜಿನ್ನಿಗೆ ಎಲ್ಲಿಂದ ಬರ್ಬೇಕು? ಪೂರ್ವದ ಮೂಲೇಲಿ ಶುರು ಮಾಡಿ, ಒಂದೊಂದು ನಟ್ಟನ್ನೂ ಮೈಭಾರವೆಲ್ಲ ಬಿಟ್ಟು ಪೂರ್ತಿ ಬಿಗೀತಾ, ಪ್ರದಕ್ಷಿಣೆ ಬಂದೆ. ನಡುವೆ ಉಳಿದಿದ್ದನ್ನ, ಅದು ಗರ್ಭಗುಡಿ ಅಂತ, ಕೊನೇಲಿ ಬಿಗಿದೆ. ಜಗಲಿ ಮೇಲೆ ಕೂತು ನೋಡ್ತಿದ್ದ ಚಿಕ್ಕಪ್ಪ "ಏನು ಶ್ರದ್ಧೆಯೋ ನಿಂದು" ಅಂದ್ರು.

ಮಾರನೇ ದಿನ ಎಲೆ ತುಂಬ್ಕೊಂಡು ಇಬ್ರೂ ಹೊರಟ್ವಿ. ಕಡಕೊಳ ದಾಟೋ ಹೊತ್ತಿಗೆ ಶಾಖ ತೋರ್ಸೋ ಮುಳ್ಳು ಏರ್ತಾ ಬಂತು. ಹಿಂದೆ ಬೆಳ್ಳಗೆ ಹೊಗೆ. "ನಿಲ್ಸ್ಲೇನೋ?" ಅಂದ್ರು ಚಿಕ್ಕಪ್ಪ. "ಹೊಸ ಗ್ಯಾಸ್ಕೆಟ್ಟಲ್ವಾ, ಹೊಂದ್ಕೊಳ್ತಾ ಇದೆ. ಓಡ್ಸಿ ಚಿಕ್ಕಪ್ಪ" ಅಂದೆ. ಅವತ್ತು ಆ ಮಾತು ನಾನು ನುಂಗ್ಕೊಂಡಿದ್ರೆ ಗ್ಯಾಸ್ಕೆಟ್ಟೊಂದೇ ಹೋಗ್ತಿತ್ತು. ಇನ್ನೆರಡು ಮೈಲಿ ಹೋದ ಮೇಲೆ ಇಂಜಿನ್ನು ಒಂದು ಸಲ ನರಳಿ, ಕಚ್ಕೊಂಡು, ನಿಂತೇ ಹೋಯ್ತು. ಎಲೇನೆಲ್ಲ ಬಸ್ಸಿನ ತಲೆ ಮೇಲೆ ಹಾಕಿ ಕಳಿಸಿದ್ವಿ. ಮೈಸೂರಿಗೆ ಬೆಲ್ಲ ಹೇರ್ಕೊಂಡು ಬರ್ತಿದ್ದ ಎತ್ತಿನ ಗಾಡಿಯೋನು ನಮ್ಮನ್ನ ನೋಡಿ ನಿಂತ.

"ಇದ್ರೊಳಗೆ ಎಷ್ಟ್ ಕುದ್ರೆ ಸಕ್ತಿ ಐತೆ ಸ್ವಾಮಿ?" ಅಂದ.

"ಮೂವತ್ತು" ಅಂದೆ, ಅಂಥ ಹೊತ್ನಲ್ಲೂ ಸ್ವಲ್ಪ ಜಂಬವಾಗೇ.

"ಮೂವತ್ತೂ ಮನಿಕ್ಕಂಡವೆ ಅನ್ನಿ. ಅಗ್ಗ ಕಟ್ಟಿ ಬುಡಿ, ನಮ್ಮೆರಡು ಎತ್ತು ಎಳೀತವೆ."

ಹಾಗೆ ಎತ್ತಿನ ಹಿಂದೆ ಮೆರವಣಿಗೇಲಿ, ಮೈಸೂರಲ್ಲಿ ಮೋಟಾರು ರಿಪೇರಿ ಮಾಡೋ ಗೌಸ್ ಮೇಸ್ತ್ರಿಗಳ ಶೆಡ್ಡಿಗೆ ಬಂದ್ವಿ. ಮೇಸ್ತ್ರಿ ಎಣ್ಣೆ ಅಳತೆ ಕಡ್ಡಿ ಎಳೆದು ನನ್ನ ಮೂಗಿನ ಹತ್ರ ಹಿಡಿದ್ರು. ನೀರು ಬೆರೆತು, ಹಾಲು ಹುಯ್ದ ಹಾಗೆ ಎಣ್ಣೆ ಕಂದು ಬಣ್ಣಕ್ಕೆ ತಿರುಗಿತ್ತು. "ಕಾಫಿ ತಗೋತೀರಾ?" ಅಂದ್ರು. ಹೆಡ್ಡು ತೆಗೆದ್ರೆ ಅದು ಡೊಂಕಾಗಿತ್ತು, ಕೆಳಗೆ ಇಂಜಿನ್ನಿನ ಹೊಟ್ಟೆ, ಅಂದ್ರೆ ಬ್ಲಾಕೇ ಬಿರುಕು ಬಿಟ್ಟಿತ್ತು. ಅದನ್ನ ಬೆಸೆಯೋಕಾಗೋಲ್ಲ, ಇಂಜಿನ್ನೇ ಬದಲಾಯಿಸ್ಬೇಕು ಅಂದ್ರು. ಮರಕ್ಕೆ ಗುದ್ದಿದ ಅದೇ ಜಾತಿ ಪಿಕಪ್ಪು ಶೆಡ್ಡಿನ ಹಿಂದೆ ಬಿದ್ದಿತ್ತು, ಅದರ ಇಂಜಿನ್ನಿಗೆ ಏನೂ ಆಗಿರ್ಲಿಲ್ಲ. ಅಷ್ಟರಲ್ಲಿ ಮೇಸ್ತ್ರಿ ನಾನು ಹಾಕಿದ್ದ ಗ್ಯಾಸ್ಕೆಟ್ಟನ್ನ ಬೆಳಕಿಗೆ ಹಿಡಿದು ನೋಡಿದ್ರು.

"ಅಂಚೆಲ್ಲ ಹಪ್ಪಳ ಆಗಿದೆ, ನಡುವೆ ಒತ್ತಿ ಕೂತೇ ಇಲ್ಲ. ಹಾಸಿಗೆ ಮೇಲೆ ಜಮಖಾನ ಹಾಸಿದ್ರೆ ನಡುವಿಂದ ಸವರ್ತಾರೋ, ಅಂಚಿಂದ ಸವರ್ತಾರೋ? ಯಾರ್ರೀ ಇದನ್ನ ಬಿಗಿದೋರು?"

ಮೇಸ್ತ್ರಿ ಹತ್ರ ಕೆಲಸಕ್ಕೆ ಸೇರ್ಬೇಕು ಅನ್ನೋದು ನನ್ನ ಬಹುದಿನದ ಆಸೆ. ಈಗ ಒಪ್ಕೊಂಡ್ರೆ ಶೆಡ್ಡಿನ ಬಾಗಿಲಿಗೂ ಸೇರಿಸೋಲ್ಲ. ನಾನು ಬಾಯಿ ತೆರೆಯೋದ್ರೊಳಗೆ ಚಿಕ್ಕಪ್ಪ "ನಾನೇ ಮೇಸ್ತ್ರಿ, ಕೈ ತಡೀಲಿಲ್ಲ" ಅಂದ್ಬುಟ್ರು. ಅಂದು, ನನ್ನ ಪಾದದ ಮೇಲೆ ಮೆತ್ತಗೆ ತಮ್ಮ ಪಾದ ಇಟ್ರು.

ಬೈಗುಳ ಅವರಿಗಾಯ್ತು, ಪಾಠ ನನಗಾಯ್ತು. ಚೈನ್ ಪುಲ್ಲಿಗೆ ಹಾಕಿ ಹಳೇ ಇಂಜಿನ್ನು ಇಳಿಸಿ, ಬೇರೇದನ್ನ ಏರಿಸೋಕೆ ಮೂರು ದಿನ ಹಿಡೀತು. ಅದಕ್ಕೂ ಹೊಸ ಗ್ಯಾಸ್ಕೆಟ್ಟು ಹಾಕಿದ್ರು. ನಟ್ಟು ಬಿಗಿಯೋ ಹೊತ್ತಿಗೆ ಮೇಸ್ತ್ರಿ ಚಿಕ್ಕಪ್ಪನ್ನ ಬಾಗಿಲಾಚೆ ನಿಲ್ಸಿ, ಸ್ಪ್ಯಾನರ್ ತಂದು ನನ್ನ ಕೈಗೇ ಕೊಟ್ರು. "ನೀವಾದ್ರೂ ಓದಿದೋರು" ಅಂದ್ರು. ನಡುವಿಂದ ಶುರು ಮಾಡಿ, ಒಮ್ಮೆ ಆ ಕಡೆ ಒಮ್ಮೆ ಈ ಕಡೆ, ಸ್ವಲ್ಪಸ್ವಲ್ಪವಾಗಿ ಅವರು ಹೇಳಿದ ಹಾಗೆ ಬಿಗಿದೆ. "ನೋಡಿ ಶಿವಣ್ಣೋರೆ, ಹುಡುಗನ್ನ ನೋಡಿ ಕಲ್ತ್ಕೊಳಿ" ಅಂದ್ರು ಮೇಸ್ತ್ರಿ. "ಹೂಂ, ಕಲ್ತ್ಕೋಬೇಕು" ಅಂದ್ರು ಚಿಕ್ಕಪ್ಪ, ಕೈಕಟ್ಕೊಂಡು.

ಗಾಡಿ ಈಗ ಚೆನ್ನಾಗಿ ಓಡ್ತಿದೆ. ನಾನೂ ಶೆಡ್ಡಿಗೆ ಸೇರ್ಕೊಂಡಿದೀನಿ. ನಿಜ ಹೇಳ್ಬುಡ್ತೀನಿ ಅಂತ ಎರಡು ಸಲ ಹೊರಟೆ. "ಸುಮ್ನಿರೋ. ನೀನು ಹೇಳಿದ್ರೆ ನಿನ್ನ ಓಡಿಸ್ತಾರೆ, ಆಮೇಲೆ ನಂಗೆ ಬಿಟ್ಟಿ ರಿಪೇರಿ ಯಾರು ಮಾಡ್ಕೊಡೋದು?" ಅಂದ್ರು ಚಿಕ್ಕಪ್ಪ. ಅದಕ್ಕೇ ಸುಮ್ನಿದೀನಿ. ಮೊನ್ನೆ ಅವರು ರೇಡಿಯೇಟರಿಗೆ ನೀರು ಹಾಕೋಕೆ ಬಾನೆಟ್ ಎತ್ತಿದ್ರು. "ಮುಟ್ಬೇಡಿ ಸ್ವಾಮಿ, ಒಂದು ಇಂಜಿನ್ನು ತಿಂದಿದ್ದು ಸಾಲ್ದಾ?" ಅಂತ ಮೇಸ್ತ್ರಿ ಕೂಗಿದ್ರು. ಶೆಡ್ಡಿನೋರೆಲ್ಲ ನಕ್ರು. ಎಲ್ಲರಿಗಿಂತ ಸ್ವಲ್ಪ ಜೋರಾಗಿ ನಕ್ಕೋನು ಯಾರು ಅಂತ ದಯವಿಟ್ಟು ಕೇಳ್ಬೇಡಿ.