ಕಾಗೆ ಒಯ್ದ ಹದಿನೇಳು ಹಪ್ಪಳ

ಯಾರಾದರೂ ಯಾವುದನ್ನಾದರೂ ಚೆನ್ನಾಗಿದೆ ಎಂದರೆ ನನಗೆ ಸುಮ್ಮನೆ ಕೂರಲು ಆಗುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಸಾರು ಚೆನ್ನಾಗಿದೆ ಎಂದರೆ ಯಾವುದಕ್ಕಿಂತ ಎಂದು ಕೇಳುತ್ತೇನೆ. ಹುಡುಗ ಒಳ್ಳೆಯವನು ಎಂದರೆ ಆಧಾರ ಕೇಳುತ್ತೇನೆ. ಹೀಗೆ ಕೇಳಿ ಕೇಳಿಯೇ ನನ್ನನ್ನು ನೋಡಲು ಬಂದ ಇಬ್ಬರು ಒಳ್ಳೆಯ ಹುಡುಗರು ನಮ್ಮ ಮನೆಯ ಅವಲಕ್ಕಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗಿದ್ದಾರೆ. ತಪ್ಪು ನನ್ನದಲ್ಲ, ಕಾಲೇಜಿನದು. ಐದು ವರ್ಷ ಚರ್ಚಾಸ್ಪರ್ಧೆಗೆ ಕಳಿಸಿ, ಚೀಟಿ ಎತ್ತಿಸಿ, ಬಂದ ಪಕ್ಷವನ್ನು ಹಿಡಿದು ಗೆಲ್ಲುವುದನ್ನು ಕಲಿಸಿದರು. ಒಮ್ಮೆ ಹಿರೇಕೆರೂರಿನಲ್ಲಿ 'ಓದು ಮನುಷ್ಯನನ್ನು ಮೃದುಗೊಳಿಸುತ್ತದೆ' ಎಂಬ ವಿಷಯ ಕೊಟ್ಟರು. ನನಗೆ ವಿರೋಧದ ಚೀಟಿ ಬಂತು. ಎಷ್ಟು ಕಟುವಾಗಿ ಮಾತಾಡಿದೆನೆಂದರೆ ಎದುರಾಳಿ ಹುಡುಗಿ ವೇದಿಕೆಯ ಮೇಲೇ ಅತ್ತಳು. ನನಗೆ ಕಪ್ಪು ಕೊಟ್ಟರು. ಆ ಕಪ್ಪಿನಲ್ಲಿ ಈಗ ಅವ್ವ ಬಟ್ಟೆಗೆ ಹಾಕುವ ಕ್ಲಿಪ್ಪುಗಳನ್ನು ಇಡುತ್ತಾಳೆ.

ಇಂಥ ನನ್ನನ್ನು ಪ್ರೇಮ ಕಾದಂಬರಿ ಓದಲು ಕೂರಿಸಿದ್ದು ಶೇಷಕ್ಕನ ಧೈರ್ಯ ಎನ್ನಬೇಕು. ಶೇಷಕ್ಕ ಶಿಗ್ಗಾಂವದಲ್ಲಿ ನಮ್ಮ ಓಣಿಯವರೇ. ಸಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಬೇಸಿಗೆ ಬಂತೆಂದರೆ ಅವರ ಮಾಳಿಗೆಯ ಮೇಲೆ ಓಣಿಯ ಹೆಂಗಸರೆಲ್ಲ ಸೇರಿ ಹಪ್ಪಳ ಲಟ್ಟಿಸುತ್ತಾರೆ. ಬಿಸಿಲು ಏರುವ ಮೊದಲು ಶುರುವಾದರೆ, ನೆಲ ಕಾಲು ಸುಡುವ ಹೊತ್ತಿಗೆ ಮುಗಿಯುತ್ತದೆ. ಕೈ ದುಡಿಯುವಾಗ ಬಾಯಿ ಬಿಡುವಾಗಿದ್ದರೆ ಅದು ನೆರೆಮನೆಯ ಸೊಸೆಯಂದಿರ ಮೇಲೆ ಹೋಗುತ್ತದೆಂದು ಶೇಷಕ್ಕ ಎಷ್ಟೋ ವರ್ಷದ ಹಿಂದೆ ಒಂದು ಪದ್ಧತಿ ಹಾಕಿದ್ದಾರೆ: ಒಬ್ಬರು ಪುಸ್ತಕ ಓದಬೇಕು, ಉಳಿದವರು ಲಟ್ಟಿಸುತ್ತ ಕೇಳಬೇಕು. ಓದುವವರಿಗೆ ಎರಡು ನಿಯಮ. ಒಂದು, ಮುಂದಿನದನ್ನು ಕದ್ದು ಓದಬಾರದು; ಓದಿದವರ ದನಿಯಲ್ಲೇ ಕಥೆ ಸೋರಿಹೋಗುತ್ತದಂತೆ. ಅದಕ್ಕೇ ಓದಿ ಮುಗಿದ ಕೂಡಲೇ ಪುಸ್ತಕ ಶೇಷಕ್ಕನ ಕಪಾಟು ಸೇರುತ್ತದೆ, ಕೀಲಿಕೈ ಅವರ ಸೊಂಟ ಸೇರುತ್ತದೆ. ಎರಡು, ಓದುವವರ ಕೈ ಖಾಲಿ ಇರುವುದರಿಂದ ಕಾಗೆ ಓಡಿಸುವುದೂ ಅವರದೇ ಕೆಲಸ. ತುದಿಗೆ ಕರಿ ಬಟ್ಟೆ ಕಟ್ಟಿದ ಒಂದು ಕೋಲನ್ನು ಪುಸ್ತಕದ ಜೊತೆಗೇ ಕೊಡುತ್ತಾರೆ. ಹಪ್ಪಳವನ್ನು ನಾನು ಲಟ್ಟಿಸಿದರೆ ಅದು ಯಾವುದೋ ದೇಶದ ನಕಾಶೆಯಾಗುತ್ತದೆ. ಆದ್ದರಿಂದ ಈ ವರ್ಷ ಪುಸ್ತಕವೂ ಕೋಲೂ ನನ್ನ ಪಾಲಿಗೆ ಬಂದವು.

ಕಾದಂಬರಿ ಬಂದದ್ದು ಸವಣೂರಿನಲ್ಲಿರುವ, ಶೇಷಕ್ಕನ ಸೊಸೆಯ ತವರುಮನೆಯಿಂದ. ಒಂದು ವಾರದ ಕರಾರು: ಸೋಮವಾರ ಬಂದದ್ದು ರವಿವಾರ ಮಧ್ಯಾಹ್ನದ ಬಸ್ಸಿಗೆ ವಾಪಸು ಹೋಗಬೇಕು, ಮುಂದೆ ಯಾರೋ ಕಾದಿದ್ದಾರೆ. ರಕ್ಷಾಪುಟದ ಒಳಮೈಯಲ್ಲಿ ಓದಿದವರೆಲ್ಲ ಪೆನ್ಸಿಲಿನಲ್ಲಿ ಅಭಿಪ್ರಾಯ ಬರೆದು ಊರಿನ ಹೆಸರು ಹಾಕಿದ್ದರು. 'ಎರಡು ಸಲ ಓದಿದೆ. ಎರಡನೆಯ ಸಲ ಯಾಕೆ ಅಂತ ಗೊತ್ತಿಲ್ಲ. ಹಾನಗಲ್ಲ.' 'ನಾಯಕನಿಗೆ ಬುದ್ಧಿ ಕಡಿಮೆ, ಆದರೆ ಮನಸ್ಸು ಒಳ್ಳೆಯದು. ಹಿರೇಕೆರೂರ.' ಇನ್ನೊಂದು ಬಹಳ ಚಿಕ್ಕದು: 'ಅನ್ನ ಸೀದಿತು. ಸವಣೂರ.' ಈ ಮೂರನೆಯದನ್ನು ಓದಿ ನಾನು ನಕ್ಕೆ. ಅನ್ನ ಸೀದರೆ ಅದು ಒಲೆಯ ವಿಮರ್ಶೆ, ಪುಸ್ತಕದ್ದು ಹೇಗಾದೀತು ಎಂದು ಅವ್ವನಿಗೆ ಹೇಳಿದೆ. ಆ ನಗು ಎಲ್ಲಿಗೆ ಬಂದು ನಿಂತಿತೆಂಬುದು ಮುಂದೆ ತಿಳಿಯುತ್ತದೆ.

ಕಥೆ ಇಷ್ಟು. ನಳಿನಿ ಎಂಬ ಹುಡುಗಿ ಬೇಸಿಗೆ ರಜೆಗೆ ಸಮುದ್ರದ ದಂಡೆಯ ಅತ್ತೆಯ ಊರಿಗೆ ಬರುತ್ತಾಳೆ. ಅಲ್ಲಿ ಮುಕುಂದ ಎಂಬ ದನದ ಡಾಕ್ಟರ್ ಇದ್ದಾನೆ. ಇಬ್ಬರೂ ಸಂಜೆ ಹೊತ್ತು ಸಮುದ್ರ ನೋಡುತ್ತಾರೆ. ಮೊದಲನೆಯ ದಿನ ನಲವತ್ತನೆಯ ಪುಟದವರೆಗೆ ಹೇಗೋ ತಡೆದುಕೊಂಡೆ. ಆಮೇಲೆ ಪುಸ್ತಕ ಮಡಚಿ ಕೇಳಿದೆ, "ಇವ ದನದ ಡಾಕ್ಟರ್ ಅಂತ. ಇಷ್ಟು ಪುಟ ಆತು, ಒಂದು ದನಾನೂ ಮುಟ್ಟಿಲ್ಲ. ಇವನ ಕೆಲಸ ಯಾರು ಮಾಡ್ತಾರ?"

ಹಿರೇಬೆಂಡಿಗೇರಿಯಿಂದ ಬರುವ ಚನ್ನವ್ವನ ಮನೆಯಲ್ಲಿ ನಾಲ್ಕು ಎಮ್ಮೆ ಇವೆ. ಇಡೀ ಮಾಳಿಗೆಯ ಮೇಲೆ ಅವರಷ್ಟು ತೆಳ್ಳಗೆ, ಅಷ್ಟು ದುಂಡಗೆ ಲಟ್ಟಿಸುವವರು ಇನ್ನೊಬ್ಬರಿಲ್ಲ. ಅವರು ತಲೆ ಎತ್ತದೆ ಹೇಳಿದರು, "ಬ್ಯಾಸಗ್ಯಾಗ ದನಾ ಆರಾಮ ಇರ್ತಾವ, ಬಿಡ ತಂಗಿ. ಮುಂದ ಓದ."

ಎರಡನೆಯ ದಿನ ನಳಿನಿ ಒಂದೇ ಬಸ್ಸನ್ನು ಮೂರನೆಯ ಸಲ ತಪ್ಪಿಸಿಕೊಂಡಳು. ನಾನು ಮತ್ತೆ ಪುಸ್ತಕ ಮಡಚಿದೆ. "ಮೂರು ಸಲ ಬಸ್ಸು ತಪ್ಪಿಸಿಕೊಂಡರ ಅದು ಪ್ರೀತಿ ಅಲ್ಲ, ಅಜಾಗರೂಕತೆ," ಎಂದೆ.

"ನೀ ಪುಸ್ತಕ ಓದಲಿಕ್ಕೆ ಕೂತೀಯೋ, ಅದರ ಮ್ಯಾಲೆ ಕೇಸ್ ಹಾಕಲಿಕ್ಕೆ ಕೂತೀಯೋ?" ಎಂದರು ಶೇಷಕ್ಕ.

"ಏ ಮೇಧಾ, ಬಾಯಿ ಮುಚ್ಚಿಕೊಂಡು ಓದು," ಎಂದಳು ಅವ್ವ. ಬಾಯಿ ಮುಚ್ಚಿಕೊಂಡು ಗಟ್ಟಿಯಾಗಿ ಓದುವುದು ತಾರ್ಕಿಕವಾಗಿ ಅಸಾಧ್ಯ ಎಂದು ನಾನು ತೋರಿಸಿಕೊಡುವಷ್ಟರಲ್ಲಿ ಅವ್ವ ಲಟ್ಟಣಿಗೆ ಎತ್ತಿದ್ದಳು. ಓದಿದೆ.

ಮೂರನೆಯ ದಿನ, ಬುಧವಾರ, ಮುಕುಂದ ನಳಿನಿಯ ಕೈ ಹಿಡಿದು 'ನೀನಿಲ್ಲದೆ ನಾನು ಉಸಿರಾಡಲಾರೆ' ಎಂದ. ಲೇಖಕಿ ಇದನ್ನು ಅಳಿಸಲೆಂದೇ ಬರೆದದ್ದು. ಒಂದೇ ಪುಟದಲ್ಲಿ ಮೂರು ಕಡೆ 'ಕಣ್ಣೀರು' ಎಂದು ಬರೆದಿದ್ದರು. ಶೇಷಕ್ಕ ನಗಲು ಶುರುಮಾಡಿದವರು ಕೆಮ್ಮು ಬರುವವರೆಗೂ ನಕ್ಕರು. "ನಮ್ಮ ಮನಿಯವರೂ ಹಿಂಗೇ ಅಂದಿದ್ರವಾ. ಆಮ್ಯಾಲೆ ನಲವತ್ತು ವರ್ಷ ಪಕ್ಕದಾಗ ಮಲಗಿ ಗೊರಕಿ ಹೊಡದ್ರು. ಉಸಿರಾಟಕ್ಕ ಏನೂ ತೊಂದ್ರಿ ಆಗಿರಲಿಲ್ಲ." ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ನಳಿನಿ ಸಿಟ್ಟಾಗಿ, ಚೀಲ ಎತ್ತಿಕೊಂಡು, ಈ ಸಲ ಬಸ್ಸನ್ನು ಹಿಡಿದೇಬಿಟ್ಟಳು. ಮುಕುಂದ ಕೈಯಲ್ಲಿ ಪತ್ರ ಹಿಡಿದು ಬಸ್ಸಿನ ಹಿಂದೆ ಓಡಿದ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಅಲ್ಲಿಗೆ ಅಧ್ಯಾಯ ಮುಗಿಯಿತು, ಹಿಟ್ಟೂ ಮುಗಿಯಿತು.

ನಾನು ಸುಮ್ಮನಿದ್ದಿದ್ದರೆ ಗುರುವಾರ ಮುಂದಿನದು ತಿಳಿಯುತ್ತಿತ್ತು. ಸುಮ್ಮನಿರುವ ಚೀಟಿ ನನಗೆ ಜನ್ಮದಲ್ಲೇ ಬಂದಿಲ್ಲ. "ಶೇಷಕ್ಕ, ನನ್ನದೊಂದು ಸೂಚನೆ ಅದ," ಎಂದು ಎದ್ದು ನಿಂತೆ. ನಗಬೇಕೆಂದೇ ಇದ್ದರೆ ನಗಿಸಲೆಂದು ಬರೆದ ಪುಸ್ತಕವನ್ನೇ ಓದೋಣ. ನನ್ನ ಬಳಿ ಒಬ್ಬ ನಿವೃತ್ತ ಗುಮಾಸ್ತರ ಹಾಸ್ಯದ ನೆನಪುಗಳಿವೆ. ಕಾದಂಬರಿಗೆ ಮೂರು ದಿನ ಕೊಟ್ಟಿದ್ದೇವೆ, ಇದಕ್ಕೂ ಮೂರು ದಿನ ಕೊಡುವುದು ನ್ಯಾಯ. ರವಿವಾರ ಬೆಳಿಗ್ಗೆ ತೀರ್ಪು. ಕಾದಂಬರಿ ಗೆದ್ದರೆ ಅಂದೇ ಕೂತು ಮುಗಿಸಿ ಕಳಿಸುವುದು, ನಾನು ಬೇಸಿಗೆ ಮುಗಿಯುವವರೆಗೆ ಒಂದೂ ಆಕ್ಷೇಪ ಎತ್ತುವುದಿಲ್ಲ. ನನ್ನ ಪುಸ್ತಕ ಗೆದ್ದರೆ ಕಾದಂಬರಿ ಹಾಗೆಯೇ ಸವಣೂರಿಗೆ ಹೋಗಲಿ.

"ಹಂಗಂದ್ರ ಅವ ಬಸ್ ಹಿಡದನೋ ಇಲ್ಲೋ ಗೊತ್ತಾಗೂದಿಲ್ಲಲ್ಲ?" ಎಂದರು ಚನ್ನವ್ವ, ನಿಜವಾದ ಗಾಬರಿಯಿಂದ.

"ಅವ ಹಿಡದರೇನು, ಬಿಟ್ಟರೇನು? ಇಬ್ಬರೂ ಕಾಗದದ ಮಂದಿ," ಎಂದು ಎಲ್ಲರ ಮುಂದೆ ಹೇಳಿಬಿಟ್ಟೆ. ಶೇಷಕ್ಕ ನನ್ನನ್ನೇ ಒಂದು ಕ್ಷಣ ನೋಡಿ, "ಆಗಲಿ," ಎಂದು ಕಪಾಟಿನ ಕೀಲಿ ತಿರುವಿದರು.

ಗುರುವಾರ ಗುಮಾಸ್ತರ ನೆನಪುಗಳಲ್ಲೇ ಅತ್ಯುತ್ತಮವಾದದ್ದನ್ನು ತೆಗೆದೆ. ಅವರು ಸೈಕಲ್ಲಿನ ಮೇಲೆ ಹೆಣ್ಣು ನೋಡಲು ಹೊರಟಾಗ ಧೋತರ ಚೈನಿಗೆ ಸಿಕ್ಕು, ಹೆಣ್ಣಿನ ಮನೆಯ ತಿಪ್ಪೆಯಲ್ಲೇ ಬೀಳುತ್ತಾರೆ. ನಾನು ಒಬ್ಬಳೇ ಓದಿದಾಗ ಹೊಟ್ಟೆ ಹಿಡಿದು ನಕ್ಕಿದ್ದೆ. ಮಾಳಿಗೆಯ ಮೇಲೆ ಲಟ್ಟಣಿಗೆಗಳು ನಿಂತವು.

"ಮೊಣಕಾಲಿಗೆ ಪೆಟ್ಟಾತೇನು?" ಎಂದರು ಚನ್ನವ್ವ.

"ಬರೆದಿಲ್ಲ ಚನ್ನವ್ವ. ಇದು ಹಾಸ್ಯ."

"ಬರದಿಲ್ಲಂದ್ರ ಆಗಿರ್ತೈತಿ. ಗಂಡಸರು ನೋವು ಬರಿಯೂದಿಲ್ಲ." ಚನ್ನವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೆಣ್ಣಿನ ಮನಿ ಮುಂದ ಬಿದ್ದಾನ, ಪಾಪ. ಅವರವ್ವ ಎಷ್ಟ ಮಡಿ ಮಾಡಿ ಧೋತರ ಒಗದು ಕಳಿಸಿದ್ಲೋ ಏನೋ."

ಶುಕ್ರವಾರ ಗುಮಾಸ್ತರ ಪರೀಕ್ಷೆಯ ಪ್ರಮಾಣಪತ್ರವನ್ನು ಆಡು ತಿಂದಿತು. ಅವ್ವ ಹಿಟ್ಟಿನ ಉಂಡೆ ಕೆಳಗಿಟ್ಟು, "ಅಯ್ಯ, ಎರಡನೇ ಪ್ರತಿ ತಗೋಬೇಕಂದ್ರ ಎಷ್ಟು ತ್ರಾಸು ಗೊತ್ತೇನು," ಎಂದು ನಿಟ್ಟುಸಿರು ಬಿಟ್ಟಳು. ಶನಿವಾರದ ಹೊತ್ತಿಗೆ ಗುಮಾಸ್ತರ ಆರೋಗ್ಯದ ಬಗ್ಗೆ ಮಾಳಿಗೆಯ ತುಂಬ ಚಿಂತೆ ಹಬ್ಬಿತ್ತು. ಅಳಿಸಲು ಬರೆದ ಪುಸ್ತಕಕ್ಕೆ ನಕ್ಕವರು ನಗಿಸಲು ಬರೆದ ಪುಸ್ತಕಕ್ಕೆ ಅಳುತ್ತಿದ್ದರು. ಲೇಖಕರು ಏನು ಬಯಸಿ ಬರೆಯುತ್ತಾರೆಂಬುದನ್ನು ಓದುಗರಿಗೆ ಯಾರೂ ತಿಳಿಸಿರುವುದಿಲ್ಲವಲ್ಲ!

ಇನ್ನು ನನ್ನ ಗುಟ್ಟು. ಆ ಮೂರೂ ದಿನ ನಾನು ಸುಖವಾಗಿರಲಿಲ್ಲ. ತರಕಾರಿಗೆಂದು ಹೋದವಳು ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಹೊರಡುವ ಬಸ್ಸು ಗೇಟು ದಾಟುವ ಮೊದಲು ಓಡಿ ಬಂದವನಿಗೆ ಎಷ್ಟು ಅವಕಾಶ ಇರುತ್ತದೆಂದು ನೋಡಿದೆ. ಹಾನಗಲ್ಲಿನ ಬಸ್ಸನ್ನು ಒಬ್ಬ ಹಿರಿಯರು ಸಲೀಸಾಗಿ ಹಿಡಿದರು. ಅವರ ಕೈಯಲ್ಲಿ ಪತ್ರವಿರಲಿಲ್ಲ, ಮಾವಿನಕಾಯಿಯ ಚೀಲ ಇತ್ತು. ಚೀಲ ಹಿಡಿದವರೇ ಹಿಡಿಯಬಲ್ಲರೆಂದರೆ, ಪತ್ರ ಹಿಡಿದ ತರುಣ ಹಿಡಿಯಲಾರನೇ? ಮನೆಗೆ ಬಂದಾಗ ಅವ್ವ, "ಕೊತ್ತಂಬರಿ ಎಲ್ಲಿ?" ಎಂದಳು. ಕೊತ್ತಂಬರಿ ಮರೆತಿದ್ದೆ.

ರವಿವಾರ ಬೆಳಿಗ್ಗೆ ತೀರ್ಪು. ಶೇಷಕ್ಕ ಕಾದಂಬರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ನಾನು ಗೆಲ್ಲಬಾರದಿತ್ತು. ಗೆದ್ದರೆ ಪುಸ್ತಕ ಮಧ್ಯಾಹ್ನದ ಬಸ್ಸು ಹತ್ತುತ್ತದೆ, ಮುಕುಂದ ನನ್ನ ತಲೆಯಲ್ಲಿ ಜೀವನಪರ್ಯಂತ ಓಡುತ್ತಲೇ ಇರುತ್ತಾನೆ. ಇಷ್ಟು ಗೊತ್ತಿದ್ದೂ, "ಹೇಳವಾ ನಿನ್ನ ವಾದ," ಎಂದು ಶೇಷಕ್ಕ ಕೇಳಿದ ಕೂಡಲೇ ನನ್ನೊಳಗಿನ ಐದು ವರ್ಷದ ತರಬೇತಿ ಎದ್ದು ನಿಂತುಬಿಟ್ಟಿತು. ಸೋಲುವುದು ಹೇಗೆಂದು ಯಾರೂ ನನಗೆ ಕಲಿಸಿರಲಿಲ್ಲ.

"ಅಭಿಪ್ರಾಯ ಬ್ಯಾಡ, ಆಧಾರ ನೋಡೋಣ," ಎಂದು ಶುರುಮಾಡಿದೆ. ಅವ್ವ ದಿನವೂ ಸಾಲಿಗೆ ಇಪ್ಪತ್ತರಂತೆ ಹಪ್ಪಳ ಹರವುತ್ತಾಳೆ. ಎಣಿಸುವುದು ಅವಳ ಅಭ್ಯಾಸ. ಕಾಗೆಗಳು ಸೋಮವಾರ ನಾಲ್ಕು ಒಯ್ದಿದ್ದವು, ಮಂಗಳವಾರ ಆರು, ಬುಧವಾರ ಏಳು. ಒಟ್ಟು ಹದಿನೇಳು. ಗುಮಾಸ್ತರ ಮೂರು ದಿನದಲ್ಲಿ ಒಂದೂ ಹೋಗಿರಲಿಲ್ಲ. "ಅಂದಮ್ಯಾಲೆ ಪ್ರೇಮ ಕಾದಂಬರಿ ಮನುಷ್ಯರ ಎಚ್ಚರ ತಪ್ಪಿಸ್ತದ, ಮನಿಗೆ ನಷ್ಟ ಮಾಡ್ತದ. ಹಾಸ್ಯದ ಪುಸ್ತಕ ಎಚ್ಚರ ಇಡ್ತದ, ಹಪ್ಪಳ ಉಳಸ್ತದ. ಇದಕ್ಕ ಉತ್ತರ ಇದ್ರ ಹೇಳ್ರಿ!" ಎಂದು ಕೋಲನ್ನು ನೆಲಕ್ಕೆ ಕುಟ್ಟಿದೆ. ಗೆದ್ದೆ ಎನಿಸಿತು, ಕಣ್ಣು ಮಾತ್ರ ಶೇಷಕ್ಕನ ಮಡಿಲಿನ ಪುಸ್ತಕದ ಮೇಲೇ ಹೋಯಿತು.

ಶೇಷಕ್ಕ ಮೆಲ್ಲಗೆ ಕೇಳಿದರು, "ಮೇಧಾ, ಕಾಗಿ ಓಡಸೋದು ಯಾರ ಕೆಲಸವಾ?"

"ನನ್ನದು," ಎಂದೆ.

"ಹಂಗಾದ್ರ ಕಾದಂಬರಿ ಓದೋ ಮೂರು ದಿನ ನೀ ಎಲ್ಲಿ ಇದ್ದಿ?"

ಇಷ್ಟು ಸರಳವಾದ ಪ್ರಶ್ನೆಯನ್ನು ಯಾವ ಸ್ಪರ್ಧೆಯಲ್ಲೂ ನನಗೆ ಯಾರೂ ಕೇಳಿರಲಿಲ್ಲ. ಕೋಲು ಕೈಯಲ್ಲೇ ಇತ್ತು; ಅದರ ತುದಿಯ ಕರಿ ಬಟ್ಟೆ ಗಾಳಿಗೆ ಅಲ್ಲಾಡಿತು.

"ಸಮುದ್ರದ ದಂಡಿ ಮ್ಯಾಲ ಇದ್ಲ ನೋಡ್ರಿ!" ಎಂದು ಚನ್ನವ್ವ ಲಟ್ಟಣಿಗೆಯಿಂದ ಮಣೆಗೆ ಬಡಿದರು. "ನಾ ಬುಧವಾರನ ಕಂಡೇನಿ. ಕಾಗಿ ಇಕಿ ಕಾಲ ಮುಂದ ಬಂದು ಹಪ್ಪಳ ಒಯ್ತು, ಇಕಿ ಅದಕ್ಕ ದಾರಿ ಬಿಟ್ಲು!"

ಅವ್ವ ನಕ್ಕು ನಕ್ಕು ಗೋಡೆಗೆ ಒರಗಿದಳು. ಜೀವನದಲ್ಲಿ ಮೊದಲ ಸಲ ಸೋತೆ, ಮತ್ತು ಅಷ್ಟು ಸಂತೋಷ ಯಾವ ಕಪ್ಪು ಬಂದಾಗಲೂ ಆಗಿರಲಿಲ್ಲ. ನಾಚಿಕೆ ಬಿಟ್ಟು ಕೈ ಚಾಚಿದೆ, "ಕೊಡ್ರಿ ಶೇಷಕ್ಕ ಲಗೂನ, ಬಸ್ಸಿಗೆ ಹೊತ್ತಾಗ್ತದ." ಮುಕುಂದನ ಬಸ್ಸೋ ಸವಣೂರಿನ ಬಸ್ಸೋ ಎಂದು ಯಾರೂ ಕೇಳಲಿಲ್ಲ.

ಮುಕುಂದ ಬಸ್ಸು ಹಿಡಿಯಲಿಲ್ಲ. ಆದರೆ ನಳಿನಿ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬಂದಳು. ಇದಕ್ಕೆ ನನ್ನ ಬಳಿ ನಾಲ್ಕು ಆಕ್ಷೇಪಗಳಿದ್ದವು, ಕರಾರಿನ ಪ್ರಕಾರ ಒಂದನ್ನೂ ಹೇಳಲಿಲ್ಲ. ಕೊನೆಯ ಪುಟದಲ್ಲಿ ಎರಡು ಸಲ ಕಣ್ಣೊರೆಸಿಕೊಂಡೆ. ಹಪ್ಪಳದ ಖಾರ ಎಂದೆ, ಯಾರೂ ನಂಬಲಿಲ್ಲ. ಪುಸ್ತಕ ಚೀಲ ಸೇರುವ ಮೊದಲು ಶೇಷಕ್ಕ ಪೆನ್ಸಿಲ್ ತೆಗೆದು, ಸವಣೂರಿನ ಸೀದ ಅನ್ನದ ಕೆಳಗೆ ದುಂಡಗೆ ಬರೆದರು: 'ಹದಿನೇಳು ಹಪ್ಪಳ ಹೋದವು. ಶಿಗ್ಗಾಂವ.' ರವಿವಾರದವನ್ನು ಅವರು ಸೇರಿಸಲಿಲ್ಲ. ಅಂದು ಎಣಿಸುವ ಸ್ಥಿತಿಯಲ್ಲಿ ಅವ್ವನೂ ಇರಲಿಲ್ಲ.

ಕಥೆ ಇಲ್ಲಿಗೇ ನಿಲ್ಲಬೇಕಿತ್ತು. ಆದರೆ ಗುಮಾಸ್ತರಿಗಿಂತ ಚೆನ್ನಾಗಿ ನಾನೇ ನಗಿಸಬಲ್ಲೆನೆಂಬ ಹುರುಪು ಹತ್ತಿ, ಇದನ್ನೆಲ್ಲ ಇಲ್ಲಿಯವರೆಗೆ ಬರೆದು, ಮರುವಾರ ಮಾಳಿಗೆಯ ಮೇಲೆ ಓದಿದೆ. ಎಲ್ಲಿ ನಗು ಬರಬೇಕೋ ಅಲ್ಲೆಲ್ಲ ನಿಲ್ಲಿಸಿ ಎಲ್ಲರ ಮುಖ ನೋಡಿದೆ. ಯಾರೂ ನಗಲಿಲ್ಲ. ಓದಿ ಮುಗಿಸಿದಾಗ ಚನ್ನವ್ವ ಸೆರಗನ್ನು ಕಣ್ಣಿಗೆ ಒತ್ತಿಕೊಂಡಿದ್ದರು. "ಎಲ್ಲಾರ ಮುಂದ ಹಂಗ ಕೇಳಬಾರದಿತ್ತು ಶೇಷಕ್ಕಾರ. ಸಣ್ಣ ಹುಡುಗಿ, ಎಷ್ಟ ನೊಂದಾಳ ನೋಡ್ರಿ."

ಅವ್ವ ಸಾಲು ಎಣಿಸಿ, ಒಂದೂ ಹಪ್ಪಳ ಹೋಗಿಲ್ಲ ಎಂದಳು. ಶೇಷಕ್ಕ ನನ್ನತ್ತ ನೋಡಿ, ನನ್ನ ಹಾಳೆಯ ಕೆಳಗೆ ಅದನ್ನೇ ಅಭಿಪ್ರಾಯವಾಗಿ ಬರೆಯಲು ಪೆನ್ಸಿಲ್ ಹುಡುಕತೊಡಗಿದರು. ನಾನು ಕರಾರು ಮರೆತು ಕೂಡಲೇ ಎದ್ದು ನಿಂತೆ: ಇದನ್ನು ಆಧಾರ ಎಂದು ಒಪ್ಪಲಾಗದು, ಇವತ್ತು ಕಾಗೆಗಳೇ ಬಂದಿರಲಿಲ್ಲ.

"ಬಂದಿದ್ವು ತಂಗಿ," ಎಂದರು ಚನ್ನವ್ವ ಮೂಗು ಒರೆಸಿಕೊಳ್ಳುತ್ತ. "ನೀರಿನ ಟಾಕಿ ಮ್ಯಾಲ ಸಾಲಾಗಿ ಕುಂತು ಕೇಳಾಕತ್ತಿದ್ವು. ಪಾಪ, ಅವಕ್ಕೂ ಹಪ್ಪಳ ತಿನ್ನಾಕ ಮನಸ್ಸಾಗಲಿಲ್ಲ."