ಹಾಳೂರಿನಲ್ಲಿ ಕಾವಲು ಕ್ಯಾರಿಯರ್

"ಇದಕ್ಕೆ ಕಣ್ಣಿಲ್ಲ, ಆದ್ರೆ ಕಿವಿ ಇದೆ ನೋಡು, ನಾಯಿ ಕಿವಿ ಇದರ ಮುಂದೆ ಏನೂ ಅಲ್ಲ!" ಎಂದು ಹಯವದನರಾಯರು ಮೂರಂತಸ್ತಿನ ಸ್ಟೀಲ್ ಟಿಫನ್ ಕ್ಯಾರಿಯರೊಂದನ್ನು ಪಾಲಾಕ್ಷನ ಮೇಜಿನ ಮೇಲೆ ಕುಕ್ಕಿದರು. ಕ್ಯಾರಿಯರು ಪಾಲಾಕ್ಷನ ಪಾತ್ರೆ ಅಂಗಡಿಯದೇ. ಒಳಗಿನ ತಂತಿ, ಸ್ಪೀಕರು ಮತ್ತು ಹುಚ್ಚು ಮಾತ್ರ ಪಕ್ಕದ ಮನೆಯ ಈ ನಿವೃತ್ತ ಫಿಸಿಕ್ಸ್ ಮೇಷ್ಟರದು.

ತುಮಕೂರಿನ ಪೇಟೆಯಲ್ಲಿ ದಿನವಿಡೀ ಪಾತ್ರೆಗಳ ಢಣಢಣ, ಗಿರಾಕಿಗಳ ಚೌಕಾಸಿ ಕೇಳಿ ಪಾಲಾಕ್ಷನ ತಲೆ ಚಿಟ್ಟು ಹಿಡಿದಿತ್ತು. ಯಾರೂ ಮಾತಾಡಿಸದ ಒಂದೇ ಒಂದು ರಾತ್ರಿ ಬೇಕು, ಬೈಕಿನಲ್ಲಿ ಎಲ್ಲಾದರೂ ಹೋಗಿ ಟೆಂಟು ಹಾಕಿ ಒಬ್ಬನೇ ಮಲಗಬೇಕು ಎಂಬುದು ಅವನ ಆಸೆ. ಹೆಂಡತಿ ಸರ್ವಮಂಗಳ ಒಪ್ಪಿದ್ದಳು, ಒಂದು ಷರತ್ತಿನ ಮೇಲೆ. "ಬೆಳಗಾಗೋದ್ರೊಳಗೆ ಹೆದರಿ ಓಡಿ ಬಂದ್ರೋ, ಬೈಕು ನಮ್ಮ ತಮ್ಮನಿಗೆ!"

"ಟೆಂಟಿನ ಹತ್ರ ಯಾರಾದ್ರೂ ಸುಳಿದ್ರೆ ಇದು 'ಊಟ ಆಯ್ತಾ?' ಅಂತ ಕೇಳುತ್ತೆ" ಎಂದರು ರಾಯರು. "ಅದಕ್ಕೆ ಉತ್ತರ ಕೊಡದ ಮನುಷ್ಯ ನಮ್ಮ ಸೀಮೇಲಿ ಹುಟ್ಟಿಲ್ಲ ಕಣಯ್ಯ. ಕಳ್ಳನೂ ಬಾಯಿತಪ್ಪಿ 'ಆಯ್ತು' ಅಂದ್ಬಿಡ್ತಾನೆ! ಉತ್ತರ ಬರ್ಲಿಲ್ವೋ, ಅದು ಕರಡಿ. ಸೈರನ್ ಹೊಡ್ಕೊಳ್ಳುತ್ತೆ."

"ಕಳ್ಳ ಆದ್ರೆ ಏನ್ಮಾಡುತ್ತೆ ಸಾರ್?"

"ಮಾತಿಗೆಳೆದು ಕೂರಿಸ್ಕೊಳ್ಳುತ್ತೆ. ಅಷ್ಟರಲ್ಲಿ ನೀನು ಬೈಕ್ ಹತ್ತು!"

ಸರ್ವಮಂಗಳ ಕಾಫಿ ತಂದಳು. "ಊಟ ಆಯ್ತಾ?" ಎಂದಿತು ಕ್ಯಾರಿಯರು. ರಾಯರ ತೀರಿಹೋದ ಅತ್ತೆಯ ದನಿ, ಹಳೆಯ ಕ್ಯಾಸೆಟ್ಟಿನಿಂದ ಎತ್ತಿದ್ದು.

"ಇನ್ನೂ ಇಲ್ಲಮ್ಮ, ಕುಕ್ಕರ್ ಕೂಗಿಲ್ಲ" ಎಂದವಳು ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ನಾದಿನಿಯ ಮೇಲಿನ ದೂರುಗಳನ್ನೆಲ್ಲ ಒಪ್ಪಿಸಿದಳು. ಕಾಫಿ ಆರಿತು, ಕುಕ್ಕರ್ ಸೀದಿತು. ಪ್ರಯೋಗ ಯಶಸ್ವಿ!

ಶನಿವಾರ ಪಾಲಾಕ್ಷ ಕ್ಯಾರಿಯರನ್ನೂ ಬೈಕಿಗೆ ಕಟ್ಟಿಕೊಂಡು ಹೊರಟ. ಹೆದ್ದಾರಿ ಬಿಟ್ಟು, ಟಾರು ರಸ್ತೆ ಬಿಟ್ಟು, ಎತ್ತಿನಗಾಡಿಯ ಜಾಡೂ ಮುಗಿದಲ್ಲಿ ಬಂಡೆಗಳ ನಡುವೆ ಒಂದು ಹಾಳೂರು ಸಿಕ್ಕಿತು. ಯಾವುದೋ ಕಾಲದಲ್ಲಿ ಪ್ಲೇಗಿಗೋ ಬರಕ್ಕೋ ಜನ ಇಲ್ಲವಾದ ಊರು. ಮೋಟುಗೋಡೆಗಳು, ನೆಲದಲ್ಲಿ ಹುಗಿದ ಒರಳುಕಲ್ಲು, ಅದರೊಳಗೆ ಹಸಿರುಗಟ್ಟಿದ ನೀರು. ಮಾತಾಡಿಸಲು ಒಂದು ನರಪಿಳ್ಳೆಯಿಲ್ಲ. ಸ್ವರ್ಗ ಇದೇ ಎಂದುಕೊಂಡ ಪಾಲಾಕ್ಷ, ಟೆಂಟು ಹೊಡೆದು, ಚಪಾತಿ ಉಪ್ಪಿನಕಾಯಿ ತಿಂದು ಕಾಲು ಚಾಚಿದ.

"ಊಟ ಆಯ್ತಾ?"

ಪಾಲಾಕ್ಷ ಕಣ್ಣುಬಿಟ್ಟ. ಹೊರಗೆ ಹೆಜ್ಜೆಯ ಸದ್ದಿಲ್ಲ, ಉಸಿರಿನ ಸದ್ದಿಲ್ಲ. ಆವರೆಗೆ ಕೂಗುತ್ತಿದ್ದ ಜೀರುಂಡೆಗಳೂ ನಿಂತಿದ್ದವು. ಕಿವಿ ಮುಚ್ಚಿಕೊಂಡು ಸೈರನ್ನಿಗೆ ಕಾದ. ಸೈರನ್ ಬರಲಿಲ್ಲ.

"ಅಯ್ಯೋ, ಯಾಕಮ್ಮ?" ಎಂದಿತು ಕ್ಯಾರಿಯರು.

ತುಸು ಬಿಡುವು.

"ಅವತ್ತಿನಿಂದ್ಲೂನಾ?"

ಮತ್ತೆ ಬಿಡುವು.

"ಊರಿಗೂರೇ?"

ಪಾಲಾಕ್ಷ ಟೆಂಟಿನಿಂದ ಹೊರಕ್ಕೆ ಟಾರ್ಚು ಬಿಟ್ಟ. ಗೋಡೆಗಳಷ್ಟೇ. "ಯಾ... ಯಾರದು?"

"ಸ್ವಲ್ಪ ಸುಮ್ನಿರಪ್ಪ, ದೊಡ್ಡೋರು ಮಾತಾಡ್ತಿದ್ದಾರೆ" ಎಂದು ಯಂತ್ರ ಗದರಿತು.

ಪಾಲಾಕ್ಷ ರಾಯರಿಗೆ ಫೋನ್ ಮಾಡಿದ.

"ಸೈರನ್ ಹೊಡೀತಾ?"

"ಇಲ್ಲ ಸಾರ್, ಆದ್ರೆ..."

"ಹಾಗಾದ್ರೆ ಕರಡಿ ಅಲ್ಲ. ಆರಾಮಾಗಿ ಮಲಕ್ಕೋ!"

"ಸಾರ್, ಇಲ್ಲಿ ಯಾರೂ ಇಲ್ಲ! ಇದೊಂದೇ ಮಾತಾಡ್ತಿದೆ!"

"ಯಾರೂ ಇಲ್ಲ ಅಂತ ಹೇಳೋದು ನಿನ್ನ ಕಿವಿ. ಬರೀ ತಪ್ಪಲೆ ಸದ್ದು ಕೇಳಿದ ಕಿವಿ ಅದು! ನನ್ನ ಯಂತ್ರ ಸುಳ್ಳು ಹೇಳಲ್ಲ" ಎಂದು ರಾಯರು ಫೋನಿಟ್ಟರು.

ಆರಿಸೋಣವೆಂದು ಮುಟ್ಟಿದರೆ ಕ್ಯಾರಿಯರು ಮಂಜುಗಡ್ಡೆಯಷ್ಟು ತಣ್ಣಗಿತ್ತು. "ಬಾ ಪುಟ್ಟ, ಹೆದರ್ಬೇಡ" ಎಂದಿತು ಅದು. "ಮಾಮ ಏನೂ ಮಾಡಲ್ಲ. ಸ್ವಲ್ಪ ಪುಕ್ಕಲು ಅಷ್ಟೇ." ಟೆಂಟಿನ ಬಟ್ಟೆ ಒಂದು ಪುಟ್ಟ ಅಂಗೈಯಷ್ಟಗಲ ಒಳಕ್ಕೆ ಒತ್ತಿಕೊಂಡಿತು.

ಕೀ ಕೈಯಲ್ಲೇ ಇತ್ತು. ಓಡಿದರೆ ಜೀವ ಉಳಿಯುತ್ತದೆ, ಬೈಕು ಹೋಗುತ್ತದೆ. ಕಪ್ಪು ಕನ್ನಡಕ ಹಾಕಿದ ಭಾಮೈದ ಅದರ ಮೇಲೆ ಕೂತ ಚಿತ್ರ ಕಣ್ಣಿಗೆ ಕಟ್ಟಿತು. ದೆವ್ವವೇ ವಾಸಿ ಎನಿಸಿ ಪಾಲಾಕ್ಷ ಕಂಬಳಿ ಎಳೆದುಕೊಂಡ.

"ಇಲ್ಲೇನಿದೆ, ಮನೆಗೇ ಬನ್ನಿ" ಎನ್ನುತ್ತಲೇ ಇತ್ತು ಯಂತ್ರ. "ಪಾತ್ರೆ ಅಂಗಡಿ ಮೇಲಿನ ಮಹಡಿ. ಎಲ್ರೂ ಬನ್ನಿ!"

ಬೆಳಕು ಹರಿದ ಮೇಲೆಯೇ ಹೊರಟ. ಸಪಾಟು ರಸ್ತೆಯಲ್ಲೂ ಬೈಕು ಮೊದಲ ಗೇರು ಬಿಟ್ಟು ಏಳಲಿಲ್ಲ. ಮೂಟೆಗಟ್ಟಲೆ ಅಕ್ಕಿ ಹೇರಿದಂತೆ ಹಿಂದಿನ ಚಕ್ರ ಕುಸಿದಿತ್ತು. ಕನ್ನಡಿ ನೋಡುವ ಧೈರ್ಯ ಬರಲಿಲ್ಲ.

"ಗೆದ್ದೆ ಕಣೇ!" ಎಂದು ಮೆಟ್ಟಿಲು ಹತ್ತಿ ಬಂದವನನ್ನು ಸರ್ವಮಂಗಳ ನೋಡಲೇ ಇಲ್ಲ. ಅವನ ಬೆನ್ನ ಹಿಂದೆ ನೋಡುತ್ತಿದ್ದಳು.

"ಕಾಲು ತೊಳ್ಕೊಂಡು ಬನ್ನಿ, ಬನ್ನಿ" ಎಂದಿತು ಕ್ಯಾರಿಯರು. ಕೆಳಗೆ ನಲ್ಲಿ ತಾನಾಗಿ ತಿರುಗಿತು. ಒದ್ದೆ ಹೆಜ್ಜೆಗಳು, ಅಗಲವಾದವು, ಮುದುಕರ ಎಳೆದ ಹೆಜ್ಜೆಗಳು, ಬೊಗಸೆಯೊಳಗೆ ಹಿಡಿಸುವಂಥವು, ಒಂದರ ಹಿಂದೊಂದು ಮೆಟ್ಟಿಲೇರಿ ಅಡುಗೆಮನೆಗೆ ಹೋದವು.

"ಒಬ್ರೇ ಹೋಗ್ತೀನಿ ಅಂದಿದ್ರಿ" ಎಂದಳು ಸರ್ವಮಂಗಳ, ಬಿಳಿಚಿಕೊಂಡು. ಆದರೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವ ಜಾಯಮಾನ ಅವಳದಲ್ಲ. ಹಬ್ಬದ ತಪ್ಪಲೆಯಲ್ಲಿ ಅನ್ನವಿಟ್ಟು, ಸಾಲಾಗಿ ತಟ್ಟೆ ಹಾಕಿ ಬಡಿಸಿದಳು. ಯಾವ ಕೈಯೂ ಕಾಣದೆ ಅನ್ನ ಕರಗುತ್ತ ಹೋಯಿತು. ತಪ್ಪಲೆಯ ತಳ ಕಂಡಮೇಲೆ ಗಾಳಿಯಲ್ಲೊಂದು ದೀರ್ಘ ತೇಗು. ಆಮೇಲೆ ಬಚ್ಚಲಲ್ಲಿ ನೀರಿನ ಸದ್ದು; ತಟ್ಟೆಗಳು ಒಂದೊಂದಾಗಿ ತೊಳೆದು ಒರೆಸಿಕೊಂಡು ಗೂಡು ಸೇರಿದವು.

ಪಾಲಾಕ್ಷ ಕೀ ನೀಡಿದ. "ಬೈಕು ನಿನ್ನ ತಮ್ಮನಿಗೇ ಕೊಟ್ಬಿಡೇ ಮಾರಾಯ್ತಿ. ನಾನಿನ್ನು ಎಲ್ಲಿಗೂ ಹೋಗಲ್ಲ!"

ಸರ್ವಮಂಗಳ ಫಳಫಳಿಸುವ ತಟ್ಟೆಯೊಂದನ್ನು ಬೆಳಕಿಗೆ ಹಿಡಿದು ನೋಡಿದಳು. ಕೀಲಿಯನ್ನು ಅವನ ಜೇಬಿಗೇ ಹಾಕಿದಳು.

"ನಮ್ಮ ತಮ್ಮ ಇಷ್ಟು ವರ್ಷದಿಂದ ಉಂಡು ಹೋಗ್ತಾನೆ, ಒಂದು ಲೋಟ ತೊಳೆದಿಟ್ಟಿಲ್ಲ. ಈಗ ಇವರನ್ನ ಊರಿಗೆ ಬಿಟ್ಟು ಬನ್ನಿ, ಮುಂದಿನ ಶನಿವಾರ ನೀವೇ ಹೋಗಿ ಮತ್ತೆ ಊಟಕ್ಕೆ ಕರ್ಕೊಂಡು ಬನ್ನಿ."